ಗ್ಯಾಸ್ ಸಿಲಿಂಡರಿಗೊಂದು ಸದ್ದಿಲ್ಲದ ಪೆಟ್ಟಿಗೆ

ಎಲ್ಲಿ ಕೆಲಸ ಎಂದು ಯಾರಾದರೂ ಕೇಳಿದಾಗ ‘ಗ್ಯಾಸ್ ಕಂಪನಿಯಲ್ಲಿ’ ಎಂದು ಹೇಳಿ ನಾನು ಎಷ್ಟೋ ಸಲ ಪೇಚಿಗೆ ಸಿಕ್ಕಿದ್ದೇನೆ. ಬನಶಂಕರಿಯಲ್ಲಿ ಸೊಪ್ಪು ಮಾರುವ ಅಕ್ಕನಿಂದ ಹಿಡಿದು ಮೆಟ್ರೊದಲ್ಲಿ ಪಕ್ಕಕ್ಕೆ ಕೂತವರವರೆಗೆ ಎಲ್ಲರದೂ ಒಂದೇ ಪ್ರಶ್ನೆ: ‘ಬುಕ್ ಮಾಡಿ ವಾರ ಆಯ್ತು, ನಮ್ಮ ಸಿಲಿಂಡರ್ ಇನ್ನೂ ಬಂದಿಲ್ವಲ್ಲ, ಸ್ವಲ್ಪ ನೋಡ್ತೀರಾ?’ ಅಡುಗೆ ಗ್ಯಾಸಿಗೂ ನಮಗೂ ಸಂಬಂಧವೇ ಇಲ್ಲ ಎಂದು ಬಿಡಿಸಿ ಹೇಳುವಷ್ಟರಲ್ಲಿ ಅವರ ಸ್ಟೇಷನ್ ಬಂದುಬಿಟ್ಟಿರುತ್ತದೆ.

ನಮ್ಮದು ಸಣ್ಣ ಕಂಪನಿ. ಅಂಜನಾಪುರದಲ್ಲಿ ಒಂದು ಗೋಡೌನು, ಅದರ ಮುಂದೆ ಗಾಜಿನ ಬಾಗಿಲಿನ ಒಂದು ಆಫೀಸು ಕೋಣೆ. ಗ್ಯಾಸ್ ತುಂಬುವುದು ಊರಾಚೆಯ ಬೇರೆ ಕಾರ್ಖಾನೆಯಲ್ಲಿ. ಅಲ್ಲಿಂದ ತರಿಸಿ, ಸೋರುತ್ತಿದೆಯೇ ಎಂದು ನೋಡಿ, ಜೋಪಾನವಾಗಿ ಕಟ್ಟಿ, ಬೇಕಾದವರಿಗೆ ಕಳಿಸುವುದಷ್ಟೇ ನಮ್ಮ ಕೆಲಸ. ವೆಲ್ಡಿಂಗ್ ಅಂಗಡಿಗಳಿಗೆ, ಕಾಲೇಜಿನ ಪ್ರಯೋಗಾಲಯಗಳಿಗೆ ಆಳೆತ್ತರದ ಕಬ್ಬಿಣದ ಸಿಲಿಂಡರುಗಳು ಹೋಗುತ್ತವೆ. ಅವಲ್ಲದೆ ನೀರಿನ ಬಾಟಲಿಯಷ್ಟೇ ದೊಡ್ಡ ಅಲ್ಯೂಮಿನಿಯಂ ಸಿಲಿಂಡರುಗಳೂ ಇವೆ. ಅವುಗಳಲ್ಲಿ ಇರುವುದು ಪರೀಕ್ಷೆಯ ಗ್ಯಾಸು. ಗಣಿ, ಸುರಂಗ, ಕಾರ್ಖಾನೆಗಳಲ್ಲಿ ವಿಷಗಾಳಿ ಬಂದರೆ ಕಿರುಚುವ ಸಣ್ಣ ಅಲಾರಂ ಯಂತ್ರಗಳಿರುತ್ತವಲ್ಲ, ಅವು ನಿಜವಾಗಿ ಕಿರುಚುತ್ತವೆಯೋ ಇಲ್ಲವೋ ಎಂದು ಬೆಳಿಗ್ಗೆ ಬೆಳಿಗ್ಗೆ ಈ ಗ್ಯಾಸನ್ನು ಸ್ವಲ್ಪ ಮೂಸಿಸಿ ನೋಡುತ್ತಾರೆ. ಯಂತ್ರ ಕೂಗಿದರೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋಗಬಹುದು. ಕೂಗದಿದ್ದರೆ ಯಾರೂ ಒಳಗೆ ಹೋಗುವಂತಿಲ್ಲ.

ನಾನು ಗದಗಿನಲ್ಲಿ ಬಿ.ಕಾಂ. ಮುಗಿಸಿ ಇಲ್ಲಿಗೆ ಬಂದದ್ದು ಬಿಲ್ ಬರೆಯುವ ಕೆಲಸಕ್ಕೆ. ಬಂದ ವರ್ಷವೇ ಸರಕು ಕಳಿಸುವ ವಿಭಾಗ ನೋಡಿಕೊಳ್ಳುತ್ತಿದ್ದವರು ಸ್ವಂತ ವ್ಯಾಪಾರ ಎಂದು ಹೊರಟುಹೋದರು. ಯಜಮಾನರು ಒಂದು ಬೆಳಿಗ್ಗೆ ನನ್ನ ಮೇಜಿನ ಮುಂದೆ ನಿಂತು, ‘ಏನಮ್ಮ, ನೀನು ಬಿಲ್ಲುಗಳನ್ನ ಎಷ್ಟು ಅಚ್ಚುಕಟ್ಟಾಗಿ ಕಟ್ಟಿಡ್ತೀಯ. ಸಿಲಿಂಡರ್ ಕಟ್ತೀಯಾ?’ ಎಂದು ಕೇಳಿದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಾನು ನಕ್ಕು ‘ಹೂಂ ಸಾರ್’ ಎಂದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಕಾಲಿಗೆ ಕಬ್ಬಿಣದ ಮೂತಿಯ ಸೇಫ್ಟಿ ಬೂಟು ಬಂದಿತ್ತು.

ಯಜಮಾನರು ಜಯನಗರದಲ್ಲೇ ಹುಟ್ಟಿ ಬೆಳೆದವರು. ಬೇಸಿಗೆಯಲ್ಲೂ ತೋಳಿಲ್ಲದ ಸ್ವೆಟರ್ ಹಾಕುತ್ತಿದ್ದರು. ಮೆಲುದನಿಯ ಮನುಷ್ಯ. ಆದರೆ ಗೋಡೌನಿನ ಮುಂದೆ ಟೆಂಪೊ ಬಂದು ನಿಂತಿತೆಂದರೆ ಅವರ ಸ್ವರವೇ ಬೇರೆ. ಯಾರೋ ಹೊಸ ಡ್ರೈವರ್ ಸಿಲಿಂಡರುಗಳನ್ನು ಕಬ್ಬಿನ ಜಲ್ಲೆಗಳ ಹಾಗೆ ಅಡ್ಡಡ್ಡ ಪೇರಿಸಿಕೊಂಡು ಹೊರಟದ್ದನ್ನು ನೋಡಿ ಅವರು ಚಪ್ಪಲಿಯನ್ನೂ ಹಾಕದೆ ರಸ್ತೆಗೆ ಓಡಿದ್ದು ನನಗೆ ನೆನಪಿದೆ.

‘ಇಳಿಸಪ್ಪಾ, ಎಲ್ಲಾ ಇಳಿಸು! ನಿಲ್ಲಿಸಿ ಕಟ್ಟಬೇಕು, ಮಲಗಿಸಿ ಅಲ್ಲ. ಮುಚ್ಚಳ ಎಲ್ಲಿ? ವಾಲ್ವ್ ಮೇಲಿನ ಮುಚ್ಚಳ?’

‘ಇಲ್ಲೇ ವಸಂತಪುರಕ್ಕೆ ಅಲ್ವಾ ಸಾರ್, ಹತ್ತು ನಿಮಿಷ.’

‘ವಾಲ್ವ್ ಮುರಿದ್ರೆ ಅದು ವಸಂತಪುರದಲ್ಲಿ ನಿಲ್ಲಲ್ಲ ಕಣಪ್ಪಾ, ರಾಕೆಟ್ ಆಗತ್ತೆ ಅದು!’

ಡ್ರೈವರ್ ಎಲ್ಲವನ್ನೂ ಇಳಿಸಿ, ಮುಚ್ಚಳ ತಿರುಗಿಸಿ, ನೆಟ್ಟಗೆ ನಿಲ್ಲಿಸಿ, ಸರಪಳಿ ಬಿಗಿದ. ಆಮೇಲೆ ಯಜಮಾನರು ಅವನಿಗೆ ಕಾಫಿ ತರಿಸಿಕೊಟ್ಟರು. ಗೋಡೌನಿನಲ್ಲಿ ನಾನು ಕಲಿತದ್ದೆಲ್ಲ ಹೀಗೆಯೇ, ಗದರಿಕೆ ಮೊದಲು, ಕಾಫಿ ಆಮೇಲೆ. ವಾಲ್ವ್ ಎಂದರೆ ಸಿಲಿಂಡರಿನ ಕುತ್ತಿಗೆಯ ಮೇಲಿನ ನಲ್ಲಿ. ಒಳಗೆ ಅದುಮಿ ತುಂಬಿದ ಗಾಳಿಯನ್ನು ಹಿಡಿದಿಟ್ಟಿರುವುದು ಅದೊಂದೇ. ಅದಕ್ಕೆ ಪೆಟ್ಟು ಬೀಳಬಾರದು, ಅದರ ಹತ್ತಿರ ಎಣ್ಣೆ ಗ್ರೀಸು ಸುಳಿಯಬಾರದು, ಬಿಸಿಲು ತಾಗಬಾರದು. ಹೆಚ್ಚುಕಡಿಮೆ ಒಂದು ಎಳೆಗೂಸಿನ ನೆತ್ತಿಯ ಹಾಗೆ ನೋಡಿಕೊಳ್ಳಬೇಕು.

ದೊಡ್ಡ ಸಿಲಿಂಡರುಗಳ ರೀತಿನೀತಿ ನನಗೆ ಬೇಗ ಕೈಗೆ ಹತ್ತಿತು. ನನ್ನನ್ನು ಆಟ ಆಡಿಸಿದ್ದು ಸಣ್ಣವು.

ಒಂದು ದಿನ ಉತ್ತರದ ಬೆಟ್ಟಸೀಮೆಯಿಂದ ಫೋನ್ ಬಂತು. ಅಲ್ಲೆಲ್ಲೋ ರಸ್ತೆಗೆಂದು ಸುರಂಗ ಕೊರೆಯುತ್ತಿದ್ದರು. ಮಾತಾಡಿದವರು ಅಲ್ಲಿನ ಸುರಕ್ಷತೆಯ ಅಧಿಕಾರಿ, ಒಬ್ಬ ಹೆಂಗಸು. ಅವರಿಗೆ ಹಿಂದಿ ಬಿಟ್ಟರೆ ಬೇರೆ ಬಾರದು. ನನ್ನ ಹಿಂದಿಯೋ ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಕಲಿತದ್ದು. ಆದರೂ ಮೊದಲ ದಿನವೇ ನಾನು ಅವರನ್ನು ‘ದೀದಿ’ ಎಂದೆ, ಅವರು ನನ್ನನ್ನು ‘ಬೆಹನ್’ ಎಂದರು. ಅವರ ಹತ್ತಿರ ಇದ್ದ ಪರೀಕ್ಷೆಯ ಗ್ಯಾಸು ಮುಗಿಯುತ್ತ ಬಂದಿತ್ತು. ಯಾವಾಗಲೂ ಕೊಡುತ್ತಿದ್ದವರು ಕೈಯೆತ್ತಿದ್ದರು. ರಸ್ತೆಯಲ್ಲಿ ಕಳಿಸಿದರೆ ಬಹಳ ತಡ, ವಿಮಾನದಲ್ಲೇ ಬರಬೇಕು.

ವಿಮಾನದಲ್ಲಿ ಅಪಾಯದ ಸರಕು ಕಳಿಸಲು ಬೇರೆಯೇ ಕಟ್ಟುಪಾಡು ಇದೆ. ಅದಕ್ಕೆಂದು ತರಬೇತಿ ಪಡೆದವರೇ ರುಜು ಹಾಕಬೇಕು. ಯಜಮಾನರು ಆ ತರಬೇತಿ ಮುಗಿಸಿದ್ದರು, ಆದರೆ ವಿಮಾನಕ್ಕೆ ಎಂದೂ ಏನನ್ನೂ ಕಳಿಸಿರಲಿಲ್ಲ. ‘ಬುಕ್ಕಲ್ಲಿ ಓದಿರೋದೆಲ್ಲ ಇದೆಯಮ್ಮ, ಮಾಡೋಣ’ ಎಂದರು. ಡಬ್ಬ ಹುಡುಕುವುದು ನನ್ನ ಪಾಲಿಗೆ ಬಂತು. ಪಕ್ಕದ ಅಂಗಡಿಯಲ್ಲಿ ಮಕ್ಕಳ ಡಯಾಪರು ಬಂದಿದ್ದ ಒಂದು ಒಳ್ಳೆಯ ದಪ್ಪ ರಟ್ಟಿನ ಡಬ್ಬ ಸಿಕ್ಕಿತು. ಸಿಲಿಂಡರುಗಳನ್ನು ಪತ್ರಿಕೆ ಸುತ್ತಿ ಒಳಗಿಟ್ಟೆ. ಹಸಿರು ಬಣ್ಣದ, ವಜ್ರದ ಆಕಾರದ, ಸಿಲಿಂಡರಿನ ಚಿತ್ರವಿರುವ ಲೇಬಲ್ಲನ್ನು ಮೇಲೆ ಅಂಟಿಸಿದೆ. ಜಾಗ ಸಾಲಲಿಲ್ಲ, ಲೇಬಲ್ಲಿನ ತುದಿ ಡಬ್ಬದ ಅಂಚು ದಾಟಿ ಪಕ್ಕಕ್ಕೆ ಮಡಚಿಕೊಂಡಿತು. ನನಗೆ ಅದು ಚಂದವಾಗಿಯೇ ಕಂಡಿತು.

ಕಂಪನಿಯ ವ್ಯಾನಿನಲ್ಲಿ ಯಜಮಾನರೇ ಡ್ರೈವ್ ಮಾಡಿಕೊಂಡು ಹೊರಟರು. ಅಂಜನಾಪುರದಿಂದ ವಿಮಾನ ನಿಲ್ದಾಣದ ಸರಕು ಕೌಂಟರು ತಲುಪುವುದೆಂದರೆ ಇಡೀ ಬೆಂಗಳೂರನ್ನು ದಕ್ಷಿಣದಿಂದ ಉತ್ತರಕ್ಕೆ ಈಜಿದ ಹಾಗೆ. ಕೌಂಟರಿನಲ್ಲಿ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡ ಒಬ್ಬ ಅಧಿಕಾರಿ ಕೂತಿದ್ದರು. ಡಬ್ಬದ ಸುತ್ತ ಒಂದು ಪ್ರದಕ್ಷಿಣೆ ಬಂದರು. ಕನ್ನಡಕ ಇಳಿಸಿದರು.

‘ಮೇಡಂ, ಇದ್ರಲ್ಲಿ ಗ್ಯಾಸ್ ಇದೆಯೋ ಡಯಾಪರ್ ಇದೆಯೋ?’

‘ಗ್ಯಾಸ್ ಸಾರ್.’

‘ಡಬ್ಬ ನೋಡಿದ್ರೆ ಪಾಪು ನಗ್ತಾ ಇದೆಯಲ್ಲ.’

ಡಬ್ಬದ ನಾಲ್ಕೂ ಕಡೆ ಬೋಳುತಲೆಯ ಮಗುವೊಂದು ನಗುತ್ತಿತ್ತು. ಬೇರೆ ಸರಕಿನ ಗುರುತಿರುವ ಹಳೆಯ ಡಬ್ಬ ನಡೆಯುವುದಿಲ್ಲ, ಲೇಬಲ್ ಪೂರ್ತಿ ಒಂದೇ ಮುಖದ ಮೇಲೆ ಇರಬೇಕು, ಅಂಚಿಗೆ ಮಡಚುವಂತಿಲ್ಲ ಎಂದು ಅವರು ಒಂದೊಂದನ್ನೇ ತಾಳ್ಮೆಯಿಂದ ಹೇಳಿದರು. ಯಜಮಾನರ ಮುಖ ಕೆಂಪಾಯಿತು. ಏಕೆಂದರೆ ಅದೆಲ್ಲ ಅವರೂ ಓದಿದ್ದೇ. ಡಬ್ಬ ಮತ್ತೆ ವ್ಯಾನು ಹತ್ತಿತು. ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ಕು ನಿಂತಾಗ ಯಜಮಾನರು ಕನ್ನಡಿಯಲ್ಲಿ ಹಿಂದಿದ್ದ ಪಾಪುವನ್ನು ನೋಡಿದರು. ಅವರ ಭುಜ ಅಲುಗತೊಡಗಿತು. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಎರಡನೆಯ ಸಲ ಹೊಸ ಡಬ್ಬ, ಲೇಬಲ್ಲು ಒಂದೇ ಮುಖದ ನಟ್ಟನಡುವೆ. ಅಧಿಕಾರಿ ಹೊರಗೆಲ್ಲ ನೋಡಿ ‘ಗುಡ್’ ಎಂದರು. ನನಗೆ ಗೆದ್ದಂತಾಯಿತು. ಆಮೇಲೆ ಅವರು ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಆಚೀಚೆ ವಾಲಿಸಿದರು. ಒಳಗಿನಿಂದ ಘಲ್ ಎಂಬ ಸದ್ದು.

‘ಏನ್ ಮೇಡಂ, ಒಳಗೆ ಗೆಜ್ಜೆ ಕಟ್ಟಿದೀರಾ?’

ನನ್ನ ಎದುರೇ ಡಬ್ಬ ಬಿಚ್ಚಿಸಿದರು. ದಾರಿಯ ಕುಲುಕಾಟಕ್ಕೆ ಸುತ್ತಿದ್ದ ಪತ್ರಿಕೆ ಚಪ್ಪಟೆಯಾಗಿ, ಸಿಲಿಂಡರುಗಳು ಒಂದಕ್ಕೊಂದು ತಾಗುತ್ತಿದ್ದವು. ಒಂದು ವಾಲ್ವು ಪಕ್ಕದ ಸಿಲಿಂಡರಿನ ಹೊಟ್ಟೆಗೆ ಒರಗಿತ್ತು. ಅಧಿಕಾರಿ ಬೈಯಲಿಲ್ಲ. ‘ಇದನ್ನ ನಾನೊಬ್ಬನೇ ಎತ್ತೋದಾ ಮೇಡಂ? ಎಷ್ಟು ಕೈ ದಾಟತ್ತೆ, ಎಲ್ಲೆಲ್ಲಿ ಬೀಳತ್ತೆ. ಕೈ ಜಾರಿ ನೆಲಕ್ಕೆ ಬಿದ್ರೂ ಒಳಗಿರೋದಕ್ಕೆ ಏನೂ ಆಗಬಾರದು. ಹಾಗೆ ಕಟ್ಟಿ ತನ್ನಿ, ನಾನೇ ಖುಷಿಯಾಗಿ ಕಳಿಸ್ತೀನಿ,’ ಎಂದರು.

ಅವತ್ತು ಸಂಜೆ ದೀದಿಗೆ ಫೋನ್ ಮಾಡುವುದು ಕಷ್ಟವಾಯಿತು. ಅವರ ಹತ್ತಿರ ಇದ್ದ ಕೊನೆಯ ಸಿಲಿಂಡರೂ ಬರಿದಾಗಿತ್ತು. ಸುರಂಗದ ಬಾಗಿಲು ಹಾಕಿದ್ದರು.

‘ನಮ್ಮವರು ಕ್ರಿಕೆಟ್ ಆಡ್ತಾ ಇದ್ದಾರೆ ಬೆಹನ್,’ ಎಂದರು ದೀದಿ. ‘ಆಟ ಚೆನ್ನಾಗೇ ನಡೀತಿದೆ. ಆದ್ರೆ ಎಲ್ಲರೂ ದಿನಗೂಲಿಯವರು. ಎಷ್ಟು ದಿನ ಅಂತ ಆಡ್ತಾರೆ? ಒಳಗೆ ಬಿಡಿ ಮೇಡಂ, ಏನೂ ಆಗಲ್ಲ ಅಂತ ನನ್ನ ಹಿಂದೆ ಬಿದ್ದಿದ್ದಾರೆ. ನಾನು ಬಿಡಲ್ಲ.’

ಆ ‘ಬಿಡಲ್ಲ’ ಎನ್ನುವ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಷ್ಟು ದೂರದಲ್ಲಿ ಒಬ್ಬಳು ಬಾಗಿಲಿಗೆ ಅಡ್ಡ ನಿಂತಿದ್ದಾಳೆ, ನಾನು ಇಲ್ಲಿ ಒಂದು ಡಬ್ಬ ಕಟ್ಟಲಾರೆನೇ ಎನ್ನಿಸಿತು. ಖಾಲಿಯಾಗಿ, ಗುಜರಿಗೆ ಹಾಕಲು ತೂತು ಹೊಡೆದಿಟ್ಟಿದ್ದ ಕೆಲವು ಸಿಲಿಂಡರುಗಳನ್ನು ಕೇಳಿ ಪಡೆದು ಮನೆಗೆ ತಂದೆ. ಬೀಳಿಸಿ ನೋಡುವ ಕೆಲಸ ಗೋಡೌನಿನಲ್ಲಿ ಬೇಡ, ತುಂಬಿದವು ಅಲ್ಲಿವೆ ಎಂದು ಯಜಮಾನರು ಮೊದಲೇ ಹೇಳಿದ್ದರು.

ನಾನು ಬಾಡಿಗೆಗೆ ಇದ್ದದ್ದು ಬನಶಂಕರಿಯಲ್ಲಿ, ಒಂದು ಹಳೆಯ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ. ಕೆಳಗೆ ಮನೆಯ ಒಡತಿ, ನಾನು ಆಂಟಿ ಎನ್ನುತ್ತಿದ್ದೆ. ಮದುವೆಯಾಗಿ ತ್ಯಾಗರಾಜನಗರಕ್ಕೆ ಬಂದು, ಅಲ್ಲಿ ಕೆಲವು ಬಾಡಿಗೆ ಮನೆಗಳನ್ನು ಬದಲಿಸಿ, ಕಡೆಗೆ ಈ ಮನೆ ಕಟ್ಟಿಸಿದವರು. ಗಂಡ ಬ್ಯಾಂಕಿನಿಂದ ನಿವೃತ್ತರಾಗಿ ಬೆಳಿಗ್ಗೆ ಪಾರ್ಕು, ಮಧ್ಯಾಹ್ನ ಚೆಸ್ಸು ಎಂದು ಹೊರಗೇ ಇರುತ್ತಿದ್ದರು. ಆಂಟಿಗೆ ಮಧ್ಯಾಹ್ನದ ನಿದ್ದೆ ಬಹಳ ಮುಖ್ಯ.

ಭಾನುವಾರ ಊಟವಾದ ಮೇಲೆ ತಾರಸಿಯ ಮೇಲೆ ನಿಂತು, ಥರ್ಮೊಕೋಲ್ ತುಂಬಿದ ಡಬ್ಬವನ್ನು ಎದೆಯೆತ್ತರಕ್ಕೆ ಹಿಡಿದು ಬಿಟ್ಟೆ. ಧಡ್! ಬಿಚ್ಚಿ ನೋಡಿದರೆ ವಾಲ್ವಿನ ತಲೆ ಸೊಟ್ಟಗಾಗಿತ್ತು. ವಾಲ್ವಿನ ಸುತ್ತ ಇನ್ನಷ್ಟು ಒತ್ತಿ ತುಂಬಿ ಮತ್ತೆ ಬಿಟ್ಟೆ. ಧಡ್! ಮೆಟ್ಟಿಲ ಮೇಲೆ ಆಂಟಿಯ ತಲೆ ಕಾಣಿಸಿತು.

‘ಏನಮ್ಮಾ ಇದು, ಮನೆ ಬೀಳಿಸ್ತಿದ್ದೀಯಾ?’

ಗಾಬರಿಯಾದರೆ ನನ್ನ ಬಾಯಿಗೆ ಊರ ಮಾತೇ ಬರುತ್ತದೆ. ‘ಇಲ್ರೀ ಆಂಟಿ, ಪೆಟ್ಟಿಗಿ ಬೀಳಸಾಕತ್ತೇನ್ರಿ.’

‘ಯಾಕೆ? ಅದೇನು ಮಾಡಿತ್ತು ನಿಂಗೆ? ಒಳಗೇನಿದೆ?’

‘ಸಿಲಿಂಡರ್ರೀ.’

ಆಂಟಿಯ ತಲೆ ಮಾಯವಾಯಿತು. ಸ್ವಲ್ಪ ಕೆಳಗಿನಿಂದ ಅವರ ಸ್ವರ ಮಾತ್ರ ಬಂತು: ‘ಗ್ಯಾಸಾ? ನನ್ನ ಮನೆ ಮೇಲಾ?’ ಖಾಲಿಯದು, ತೂತು ಹೊಡೆದದ್ದು ಎಂದು ನಾನು ಒಂದನ್ನು ತೆಗೆದುಕೊಂಡು ಹೋಗಿ ತೋರಿಸಿ, ಆ ತೂತಿನಲ್ಲಿ ಬೆರಳಿಟ್ಟು, ಬಾಯಿಂದ ಊದಿ ಸೀಟಿ ಹೊಡೆದ ಮೇಲೆ ಅವರಿಗೆ ನಂಬಿಕೆ ಬಂತು. ಮೇಲೆ ಬಂದು ನಾನು ಬಟ್ಟೆ ಒಣಹಾಕಲು ಹತ್ತುತ್ತಿದ್ದ ಸ್ಟೂಲಿನ ಮೇಲೆ ಕೂತು ಇಡೀ ಕಥೆ ಕೇಳಿದರು. ಸುರಂಗ, ಕ್ರಿಕೆಟ್ಟು, ಬಾಗಿಲಿಗೆ ಅಡ್ಡ ನಿಂತ ದೀದಿ, ಗೆಜ್ಜೆ, ಎಲ್ಲ.

‘ಒಡೆದುಹೋಗೋದನ್ನ ಕಟ್ಟೋದು ಅಂದ್ರೆ ನಂಗೆ ಗೊಂಬೆಗಳು ಒಂದೇ ಗೊತ್ತಿರೋದು,’ ಎಂದರು. ‘ಬಾ, ನೋಡು ಬೇಕಾದ್ರೆ. ನನ್ನ ಕೈಲಿ ಅಟ್ಟ ಹತ್ತಕ್ಕಾಗಲ್ಲ, ನೀನೇ ಹತ್ತಬೇಕು.’

ನವರಾತ್ರಿಗೆ ಕೂರಿಸುವ ಗೊಂಬೆಗಳ ತಗಡಿನ ಟ್ರಂಕನ್ನು ಅಟ್ಟದಿಂದ ಇಳಿಸಿದೆ. ಆಂಟಿ ಅದರ ಮುಚ್ಚಳ ತೆಗೆದು, ಹಳೆಯ ಹತ್ತಿ ಸೀರೆಯ ತುಂಡುಗಳ ನಡುವಿನಿಂದ ಒಂದು ಮಣ್ಣಿನ ಕೃಷ್ಣನನ್ನು ಎತ್ತಿದರು. ಕೈಯಲ್ಲಿ ಊದಿನಕಡ್ಡಿಗಿಂತ ಚೂರು ದಪ್ಪದ ಕೊಳಲು. ಅವರ ತಾಯಿ ಕೊಟ್ಟದ್ದಂತೆ. ಅಷ್ಟು ಮನೆ ಬದಲಿಸಿದರೂ ಆ ಕೊಳಲಿಗೆ ಒಂದು ಬಿರುಕಿಲ್ಲ. ನನಗೆ ಆಶ್ಚರ್ಯವಾದದ್ದು ಅವರು ಅದನ್ನು ಇಟ್ಟಿದ್ದ ರೀತಿ. ಸೊಂಟದ ಸುತ್ತ, ಪಾದದ ಸುತ್ತ ಬಟ್ಟೆಯ ಗಟ್ಟಿ ಸುರುಳಿ. ಮುಖ, ಕೈ, ಕೊಳಲು ಇರುವ ಕಡೆ ಏನೇನೂ ಇಲ್ಲ, ಬರೀ ಖಾಲಿ ಜಾಗ.

‘ಇಲ್ಲಿ ಬಟ್ಟೆ ಹಾಕೋದಿಲ್ವಾ ಆಂಟಿ? ಮುರಿಯೋದು ಇದೇ ಅಲ್ವಾ?’

‘ಅದಕ್ಕೇ ಹಾಕಲ್ಲ. ಮೊದಲನೇ ವರ್ಷ ಹಾಕಿದ್ದೆ, ಒಂದು ಲಕ್ಷ್ಮಿ ಮೂಗು ಹೋಯ್ತು. ಬಟ್ಟೆ ಒತ್ತಿ ಒತ್ತಿನೇ ಹೋಯ್ತು. ಸೊಂಟ ಬಿಗಿಯಾಗಿ ಹಿಡ್ಕೋಬೇಕು, ಮುಖ ಆರಾಮಾಗಿರಬೇಕು.’

ನಾನು ಕೃಷ್ಣನನ್ನು ಕೈಯಲ್ಲಿ ಹಿಡಿದು ಹಾಗೇ ನಿಂತೆ. ತಾರಸಿಯ ಮೇಲೆ ನಾನು ಮಾಡುತ್ತಿದ್ದದ್ದು ಇದರ ಉಲ್ಟಾ. ವಾಲ್ವು ನಾಜೂಕು ಎಂದು ಅದರ ಸುತ್ತಲೇ ಒತ್ತಿ ತುಂಬುತ್ತಿದ್ದೆ. ಡಬ್ಬ ಬಿದ್ದಾಗ ಇಡೀ ಸಿಲಿಂಡರಿನ ಭಾರ ಹೋಗಿ ಕೂರುತ್ತಿದ್ದದ್ದು ಅಲ್ಲೇ. ಸಿಲಿಂಡರನ್ನು ಭುಜದಲ್ಲಿ ಮತ್ತು ಬುಡದಲ್ಲಿ ಹಿಡಿದಿಟ್ಟು, ವಾಲ್ವಿನ ಸುತ್ತ ಪೊಳ್ಳು ಬಿಡಬೇಕು. ‘ಆಂಟಿ!’ ಎಂದು ಕೂಗಿದ ರಭಸಕ್ಕೆ ಅವರು ಮೊದಲು ಕೃಷ್ಣನನ್ನು ನನ್ನ ಕೈಯಿಂದ ಕಿತ್ತುಕೊಂಡರು.

ಅವತ್ತೇ ಜಯನಗರದ ಹಾಸಿಗೆ ಅಂಗಡಿಗೆ ಹೋದೆ. ಗಟ್ಟಿ ಫೋಮ್ ಬೇಕು ಎಂದಾಗ ಅಂಗಡಿಯವರು ‘ಯಾವ ಸೈಜಿನ ಮಂಚಕ್ಕೆ ಮೇಡಂ?’ ಎಂದರು. ‘ಇಷ್ಟು ದೊಡ್ಡವರು ಮಲಗಬೇಕು’ ಎಂದು ಬಾಟಲಿ ಗಾತ್ರದ ಸಿಲಿಂಡರು ತೋರಿಸಿದೆ. ಅವರು ಒಮ್ಮೆ ನನ್ನ ಮುಖ ನೋಡಿ, ಫೋಮಿನ ಚಪ್ಪಡಿ ಕತ್ತರಿಸಿ ಕೊಟ್ಟರು. ಅದರಲ್ಲಿ ಸಿಲಿಂಡರಿನ ಅಳತೆಗೆ ತೂತುಗಳನ್ನು ಕೊರೆದೆ, ಭುಜಕ್ಕೆ ಬಿಗಿಯಾಗಿ ಕೂರುವ ಹಾಗೆ. ವಾಲ್ವಿನ ಮೇಲೆ ಮುಚ್ಚಳ, ಅದರ ಸುತ್ತ ಅಗಲವಾದ ಪೊಳ್ಳು. ಮುಚ್ಚಳ ಸ್ವಲ್ಪ ಬಿಗಿಯಾಗಿದ್ದದ್ದನ್ನು ಕಂಡು ಆಂಟಿ, ‘ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಾಕಮ್ಮ’ ಎಂದು ಬಾಟಲಿ ತಂದರು. ನಾನು ಅಡ್ಡ ನಿಂತೆ. ನಮ್ಮಲ್ಲಿ ಆಕ್ಸಿಜನ್ನೂ ಇರುತ್ತದೆ, ಅದಕ್ಕೆ ಎಣ್ಣೆ ಸೋಕಿದರೆ ಬೆಂಕಿಯೇ ಏಳಬಹುದು, ಆದ್ದರಿಂದ ಯಾವ ವಾಲ್ವಿಗೂ ಎಣ್ಣೆ ಮುಟ್ಟಿಸದಿರುವುದು ಅಭ್ಯಾಸ ಎಂದೆ. ಆಂಟಿ ಎಣ್ಣೆ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೆಳಗೆ ಇಟ್ಟು ಬಂದು, ಕೈ ಸೋಪು ಹಾಕಿ ತೊಳೆದು, ಆಮೇಲೆ ಡಬ್ಬ ಮುಟ್ಟಿದರು.

ಆಮೇಲೆ ಶುರುವಾಯಿತು ನೋಡಿ. ಡಬ್ಬವನ್ನು ಬುಡ ಕೆಳಗಾಗಿ ಬೀಳಿಸಿದೆವು, ತಲೆ ಕೆಳಗಾಗಿ ಬೀಳಿಸಿದೆವು, ಮಗ್ಗುಲಿಗೆ ಬೀಳಿಸಿದೆವು. ನನಗೆ ಸಾಕೆನಿಸಿದರೂ ಆಂಟಿಗೆ ಸಾಕಾಗಲಿಲ್ಲ. ‘ಮೂಲೆ ಮೇಲೆ ಹಾಕು, ಮೂಲೆ ಮೇಲೆ ಬೀಳೋದೇ ಕೆಟ್ಟದ್ದು. ಹೂಂ, ನಾನ್ ಹಾಕ್ತೀನಿ ಕೊಡು.’ ಸೆರಗು ಸೊಂಟಕ್ಕೆ ಸಿಕ್ಕಿಸಿ, ಡಬ್ಬ ಎತ್ತಿ, ಕಣ್ಣು ಮುಚ್ಚಿ ಬಿಟ್ಟರು. ಚೆಸ್ಸು ಮುಗಿಸಿ ಬಂದ ಅಂಕಲ್ ಗೇಟಿನ ಬಳಿ ನಿಂತು, ‘ಏನೇ ಅದು ಸದ್ದು?’ ಎಂದು ಕೂಗಿದರು. ‘ಸುಮ್ನಿರಿ, ಕೆಲಸ ನಡೀತಿದೆ!’ ಎಂದು ಆಂಟಿ ಮೇಲಿನಿಂದಲೇ ಗದರಿದರು. ಡಬ್ಬದ ಮೂಲೆ ಜಜ್ಜಿಹೋಗಿತ್ತು. ಬಿಚ್ಚಿದರೆ ಒಳಗಿನವು ಕದಲಿರಲಿಲ್ಲ. ಆಂಟಿ ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, ‘ಸದ್ದೇ ಇಲ್ಲ ಕಣೇ’ ಎಂದರು. ಅವರು ನನ್ನನ್ನು ‘ಕಣೇ’ ಎಂದದ್ದು ಅದೇ ಮೊದಲು. ಊರು ಬಿಟ್ಟು ಬಂದ ಮೇಲೆ ನನ್ನನ್ನು ಅಷ್ಟು ಸಲಿಗೆಯಿಂದ ಮಾತಾಡಿಸಿದವರು ಯಾರೂ ಇರಲಿಲ್ಲ. ನನಗೆ ಆ ಡಬ್ಬಕ್ಕಿಂತ ಅದೇ ಹೆಚ್ಚು ಖುಷಿಯಾಯಿತು.

ಮಾರನೆಯ ದಿನ ಗೋಡೌನಿನಲ್ಲಿ ಯಜಮಾನರು ಫೋಮನ್ನು ತಿರುಗಿಸಿ ತಿರುಗಿಸಿ ನೋಡಿದರು. ಇಂಥದ್ದೇ ಒಂದು ಚಿತ್ರವನ್ನು ಪುಸ್ತಕದಲ್ಲಿ ನೋಡಿದ ನೆನಪಿದೆ, ಆಗ ಅರ್ಥವಾಗಿರಲಿಲ್ಲ ಎಂದು ನಕ್ಕರು. ತುಂಬಿದ ಸಿಲಿಂಡರುಗಳನ್ನು ಸಾಲಾಗಿ ನಿಲ್ಲಿಸಿ, ಸೋಪಿನ ನೀರಲ್ಲಿ ಬ್ರಷ್ಷು ಅದ್ದಿ ಒಂದೊಂದು ವಾಲ್ವಿಗೂ ಹಚ್ಚಿದೆ. ಸೋರುತ್ತಿದ್ದರೆ ಗುಳ್ಳೆ ಬರುತ್ತದೆ. ಎಲ್ಲ ಸುಮ್ಮನಿದ್ದವು. ಒಂದು ಮಾತ್ರ ಸಾಸಿವೆ ಕಾಳಿನಷ್ಟು ಗುಳ್ಳೆಯನ್ನು ಊದಿ, ಒಡೆದು, ಮತ್ತೊಂದನ್ನು ಊದಿತು.

‘ಸಾರ್, ಇದು ಮಾತಾಡ್ತಿದೆ.’

‘ಪಕ್ಕಕ್ಕಿಡು. ಮಾತಾಡೋರನ್ನ ವಿಮಾನ ಹತ್ತಿಸೋ ಹಾಗಿಲ್ಲ.’

ಅದರ ಬದಲು ಬೇರೆಯದನ್ನು ತಂದು, ಪರೀಕ್ಷಿಸಿ, ಒರೆಸಿ, ಒಣಗಿಸಿ ಜೋಡಿಸಿದೆವು. ಹೊಸ ಡಬ್ಬ, ಅಂಟುಪಟ್ಟಿ, ಗ್ಯಾಸಿನ ಹೆಸರು, ಕಳಿಸುವವರ ಮತ್ತು ಪಡೆಯುವವರ ವಿಳಾಸ, ಹಸಿರು ಲೇಬಲ್ಲು. ಯಜಮಾನರು ಸ್ವೆಟರಿನ ಕೆಳಗೆ ಹೊಸ ಶರ್ಟು ಹಾಕಿಕೊಂಡು ಬಂದಿದ್ದರು.

ಕೌಂಟರಿನ ಅಧಿಕಾರಿ ನಮ್ಮನ್ನು ಕಂಡವರೇ ಎದ್ದು ನಿಂತರು. ಡಬ್ಬದ ಸುತ್ತ ಬಂದರು, ಕಾಗದ ನೋಡಿದರು, ಲೇಬಲ್ಲಿನ ಅಂಚಿಗೆ ಬೆರಳಾಡಿಸಿದರು. ಕಡೆಗೆ ಡಬ್ಬ ಎತ್ತಿ ವಾಲಿಸಿದರು. ಸದ್ದಿಲ್ಲ. ಇನ್ನೊಂದು ಕಡೆ ವಾಲಿಸಿದರು. ಸದ್ದಿಲ್ಲ.

‘ಒಳಗೆ ನಿಜವಾಗ್ಲೂ ಏನಾದ್ರೂ ಇದೆಯಾ ಮೇಡಂ?’

‘ಇದೆ ಸಾರ್. ಮಲಗಿದಾವ್ರೀ.’

ಅವರು ಜೋರಾಗಿ ನಕ್ಕು ಮೊಹರು ಒತ್ತಿದರು. ಯಜಮಾನರು ಅವರ ಕೈ ಕುಲುಕಿದರು. ಹಿಂದಿರುಗುವಾಗ ದಾರಿಯಲ್ಲಿ ವ್ಯಾನು ನಿಲ್ಲಿಸಿ ನಾವಿಬ್ಬರೂ ಮಸಾಲೆ ದೋಸೆ ತಿಂದೆವು. ಅವರು ಎರಡನೆಯದನ್ನೂ ತರಿಸಿಕೊಂಡರು.

ಡಬ್ಬ ವಿಮಾನದಿಂದ ಇಳಿದು, ಜೀಪು ಹತ್ತಿ, ಬೆಟ್ಟ ಏರುವವರೆಗೂ ನಾನು ಗಳಿಗೆಗೊಮ್ಮೆ ಫೋನ್ ನೋಡುತ್ತಲೇ ಇದ್ದೆ. ಒಂದು ಬೆಳಿಗ್ಗೆ ಬಿಲ್ಲಿನ ಲೆಕ್ಕದಲ್ಲಿ ಮುಳುಗಿದ್ದಾಗ ದೀದಿಯ ಕರೆ ಬಂತು. ‘ಸ್ಪೀಕರ್‌ಗೆ ಹಾಕು ಬೆಹನ್, ನಿಮ್ಮ ಸಾಹೇಬರನ್ನೂ ಕರಿ,’ ಎಂದರು. ಯಜಮಾನರು ಬಂದು ನಿಂತರು. ಆ ಕಡೆ ಗಾಳಿಯ ಸದ್ದು, ಗಂಡಸರ ಮಾತು. ಆಮೇಲೆ ದೀದಿ ಏನೋ ಹೇಳಿದರು, ಎಲ್ಲರೂ ಸುಮ್ಮನಾದರು. ಸಣ್ಣಗೆ ಸುಯ್ಯೆಂಬ ಶಬ್ದ, ನಮ್ಮ ಗ್ಯಾಸು. ಮರುಕ್ಷಣ ಅಲಾರಂ ಕಿರುಚಿಕೊಂಡಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಕಿವಿ ಕಿತ್ತುಹೋಗುವಂಥ ಕರ್ಕಶ ಸದ್ದು. ಆ ಸದ್ದಿಗೆ ಅಲ್ಲಿ ಗಂಡಸರೆಲ್ಲ ಚಪ್ಪಾಳೆ ತಟ್ಟಿ ಕೂಗುತ್ತಿದ್ದರು, ಯಾರೋ ಸೀಟಿ ಹೊಡೆದರು. ನಮ್ಮ ಯಜಮಾನರು ಕನ್ನಡಕ ತೆಗೆದು ಸ್ವೆಟರಿಗೆ ಒರೆಸಿಕೊಂಡರು.

‘ಕೇಳಿಸ್ತಾ ಬೆಹನ್?’ ಎಂದರು ದೀದಿ. ‘ಎಲ್ಲಾ ಯಂತ್ರಾನೂ ಕೂಗ್ತು. ಈಗ ಬಾಗಿಲು ತೆಗೀತೀನಿ.’

ಆ ವರ್ಷವೇ ಯಜಮಾನರು ನನ್ನನ್ನು ತರಬೇತಿಗೆ ಕಳಿಸಿದರು. ಈಗ ವಿಮಾನದ ಸರಕಿಗೆ ನನ್ನದೇ ರುಜು. ಸರಕು ಕೌಂಟರಿನವರು ಹೊಸಬರಿಗೆ ನಮ್ಮ ಡಬ್ಬವನ್ನು ತೋರಿಸಿ ‘ಹೀಗೆ ಕಟ್ಟಿ’ ಎನ್ನುತ್ತಾರಂತೆ. ನಾನಂತೂ ಕೇಳಿಲ್ಲ, ಯಜಮಾನರು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರೆ.

ದೀದಿಯಿಂದ ಮತ್ತೆ ಆರ್ಡರು ಬಂದಾಗ, ಅದೇ ಥರದ ಡಬ್ಬದಲ್ಲೇ ಕಳಿಸಬೇಕು ಎಂದು ಒತ್ತಿ ಒತ್ತಿ ಹೇಳಿದರು. ಯಾಕೆಂದು ಕೇಳಿದೆ. ಸ್ವಲ್ಪ ಸಂಕೋಚದಿಂದ ಬಾಯಿ ಬಿಟ್ಟರು. ಕೆಳಗಿನ ಪೇಟೆಯಿಂದ ಬೆಟ್ಟದ ಮೇಲಿನ ಅಡುಗೆಮನೆಗೆ ಜೀಪಿನಲ್ಲಿ ಮೊಟ್ಟೆ ತರುವಾಗ ಅರ್ಧಕ್ಕರ್ಧ ಒಡೆದುಹೋಗುತ್ತಿದ್ದವಂತೆ. ಸಿಲಿಂಡರು ತೆಗೆದ ಮೇಲೆ ಅಡುಗೆಯವರು ಡಬ್ಬವನ್ನು ಎತ್ತಿಕೊಂಡುಹೋಗಿ, ಆ ತೂತುಗಳಲ್ಲಿ ಒಣಹುಲ್ಲಿನ ನಡುವೆ ಮೊಟ್ಟೆ ಇಟ್ಟು ತರತೊಡಗಿದರು. ಒಂದೂ ಒಡೆದಿಲ್ಲ.

‘ಹಸಿರು ಲೇಬಲ್ ಕಿತ್ತಿದ್ದೀರಾ ದೀದಿ?’ ಎಂದು ಕೇಳಿದೆ.

‘ಇಲ್ಲಪ್ಪ, ಅದಿರೋದಕ್ಕೇ ದಾರೀಲಿ ಯಾರೂ ಡಬ್ಬ ಮುಟ್ಟಲ್ಲ. ಮೊಟ್ಟೆ ಪೂರ್ತಿ ಬರತ್ತೆ.’

ನಗು ತಡೆದುಕೊಂಡು, ಖಾಲಿ ಡಬ್ಬದ ಮೇಲೆ ಅಪಾಯದ ಗುರುತು ಉಳಿಯಬಾರದು, ಕೂಡಲೇ ಕೀಳಿಸಿ ಎಂದು ನನ್ನ ಕೈಲಾದಷ್ಟು ಗಟ್ಟಿ ಸ್ವರದಲ್ಲಿ ಹೇಳಿದೆ. ಅವರೂ ಸುರಕ್ಷತೆಯ ಅಧಿಕಾರಿಯಲ್ಲವೇ, ‘ತಪ್ಪಾಯ್ತು, ತಪ್ಪಾಯ್ತು’ ಎಂದು ಒಪ್ಪಿಕೊಂಡರು. ಮಾರನೆಯ ದಿನ ನನ್ನ ಫೋನಿಗೆ ಒಂದು ಫೋಟೊ ಬಂತು. ಲೇಬಲ್ಲು ಕಿತ್ತಿದ್ದರು. ಆ ಜಾಗದಲ್ಲಿ ಅಡುಗೆಯವರಲ್ಲಿ ಯಾರೋ ಇದ್ದಿಲಿನಿಂದ ಒಂದು ಕೋಳಿಯ ಚಿತ್ರ ಬರೆದಿದ್ದರು.